ಗಿರಿಜವ್ವನ ಬಾತು, ನನ್ನ ಧೋತರ

ನನ್ನ ತಂಗಿ ಈ ಜನ್ಮದಲ್ಲಿ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಅದನ್ನು ನಾನು ಮಾಡಲಿಲ್ಲ. ಬಾವಿ ತೋಡುವ ಕೆಲಸವಲ್ಲ, ಕಲ್ಲು ಹೊರುವ ಕೆಲಸವಲ್ಲ. ಇಪ್ಪತ್ತು ದಿನ, ದಿನಾ ಮುಂಜಾನೆ, ನಮ್ಮೂರ ಕೆರೆಯ ಏರಿಯ ಮೇಲೆ ಹೋಗಿ ಸುಮ್ಮನೆ ನಿಂತು, ಎಷ್ಟು ಹಕ್ಕಿ ಕಂಡವೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬರುವ ಕೆಲಸ. ಮನುಷ್ಯ ದೊಡ್ಡ ಕೆಲಸದಲ್ಲಿ ಸೋತರೆ ಹೇಳಿಕೊಳ್ಳಲು ನೂರು ಕಾರಣ ಸಿಗುತ್ತವೆ. ಎತ್ತು ಕುಂಟಿತು, ಆಳು ಬರಲಿಲ್ಲ, ಮಂದಿ ಕೈಕೊಟ್ಟರು ಎನ್ನಬಹುದು, ಕೇಳುವವರೂ ಹೌದೆನ್ನುತ್ತಾರೆ. ಸುಮ್ಮನೆ ನಿಲ್ಲುವ ಕೆಲಸದಲ್ಲಿ ಸೋತವನಿಗೆ ಒಂದು ಕಾರಣವೂ ಸಿಗುವುದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಸಿಕ್ಕ ಒಂದೆರಡನ್ನು ನನ್ನ ಹೆಂಡತಿ ಶಂಕ್ರವ್ವನ ಮುಂದೆ ಇಟ್ಟೂ ನೋಡಿದೆ. ಆಕೆ ರೊಟ್ಟಿ ಬಡಿಯುತ್ತಲೇ, ಮುಖ ಎತ್ತದೆ, ಒಂದೊಂದನ್ನಾಗಿ ತಳ್ಳಿಹಾಕಿದಳು.

ನನ್ನ ಹೆಸರು ಫಕ್ಕೀರಪ್ಪ. ಯಳವತ್ತಿಯಲ್ಲಿ ನಾಲ್ಕು ಎಕರೆ ಎರೆಹೊಲವಿದೆ. ಹಿಂಗಾರಿಗೆ ಅರ್ಧ ಜೋಳ, ಅರ್ಧ ಕಡಲೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಐದನೆಯದಕ್ಕೆ ಹೋಗಬೇಕಾದ ವರ್ಷ ಜೋಳ ಚೆನ್ನಾಗಿ ತೆನೆ ಕಟ್ಟಿತ್ತು, ಹಕ್ಕಿಗಳಿಗೂ ಆ ಸುದ್ದಿ ತಲುಪಿತ್ತು. ಅಪ್ಪ ನನ್ನನ್ನು ಹೊಲದ ನಡುವಿನ ಅಟ್ಟದ ಮೇಲೆ ಹತ್ತಿಸಿ, ಕಲ್ಲಿಟ್ಟು ಬೀಸುವ ಕವಣೆಯೊಂದನ್ನು ಕೈಗೆ ಕೊಟ್ಟು, "ಇದೊಂದ ಸುಗ್ಗಿ ಕಾಯಿ, ಆಮ್ಯಾಲ ಶಾಲಿಗೆ ಹೋಗೀಯಂತ" ಎಂದ. ಆ ಸುಗ್ಗಿ ಮುಗಿಯಲೇ ಇಲ್ಲ. ಹಕ್ಕಿ ಎಂದರೆ ಕಳ್ಳ, ಹಿಂಡು ಎಂದರೆ ದರೋಡೆ ಎಂಬುದು ನನ್ನ ಎಲುಬಿನಲ್ಲಿ ಇಳಿದುಹೋಗಿದೆ. ಇವತ್ತಿಗೂ ತಲೆಯ ಮೇಲೆ ರೆಕ್ಕೆಯ ಸದ್ದು ಕೇಳಿದರೆ ನಾನು ಯೋಚಿಸುವ ಮೊದಲೇ ಗಂಟಲು "ಹೋ" ಎಂದುಬಿಡುತ್ತದೆ. ಒಮ್ಮೆ ಲಕ್ಷ್ಮೇಶ್ವರದಲ್ಲಿ ಬೀಗರ ಮದುವೆಯಲ್ಲಿ, ಅಕ್ಷತೆಯ ಹೊತ್ತಿಗೆ ಚಪ್ಪರದೊಳಗೆ ನಾಲ್ಕು ಪಾರಿವಾಳ ನುಗ್ಗಿದವು. ಆಮೇಲೆ ಏನಾಯಿತೆಂದು ನಾನು ಹೇಳುವುದಿಲ್ಲ. ಆ ಬೀಗರು ಈಗಲೂ ನನಗೆ ಊಟದ ಪಂಕ್ತಿಯಲ್ಲಿ ಕೊನೆಯ ಜಾಗ ತೋರಿಸುತ್ತಾರೆ.

ನನ್ನ ತಂಗಿ ಗಿರಿಜವ್ವ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ಹತ್ತನೆಯವರೆಗೆ ಓದಿದಳು. ಹಕ್ಕಿ ಕಾಯಲು ಮನೆಯಲ್ಲಿ ಒಬ್ಬ ಇದ್ದನಲ್ಲ. ಊರಲ್ಲೇ ಮದುವೆಯಾಗಿ ನಮ್ಮ ಹಿಂದಿನ ಓಣಿಯಲ್ಲಿದ್ದಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು; ಒಬ್ಬಳೇ ಮಗಳನ್ನು ಮುಂಡರಗಿಗೆ ಕೊಟ್ಟಿದೆ. ಗಿರಿಜವ್ವ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಎಂಟು ವರ್ಷದ ಹಿಂದೆ ಆ ಶಾಲೆಯ ಮಾಸ್ತರರೊಬ್ಬರು ವರ್ಗವಾಗಿ ಹೋಗುವಾಗ ಅವಳಿಗೆ ಒಂದು ಹಕ್ಕಿಗಳ ಪುಸ್ತಕವನ್ನೂ ಹಳೆಯ ದುರ್ಬೀನನ್ನೂ ಕೊಟ್ಟರು. ಅಡುಗೆಯವಳಿಗೆ ಸೀರೆ ಕೊಡುವುದನ್ನು ಕೇಳಿದ್ದೆ, ಸ್ಟೀಲಿನ ಡಬ್ಬಿ ಕೊಡುವುದನ್ನು ಕೇಳಿದ್ದೆ. ದುರ್ಬೀನು ಕೊಟ್ಟರೆಂದಾಗ ನಾನು ದಂಗಾದೆ. ಇನ್ನೂ ದಂಗಾದದ್ದು ಮರುದಿನ. ಒಲೆ ಹಚ್ಚುವ ಮುಂಚೆ ಅವಳು ಕೆರೆಯ ಏರಿಯ ಮೇಲೆ ಹೋಗಿ, ಆ ದುರ್ಬೀನನ್ನು ಕಣ್ಣಿಗೆ ಹಚ್ಚಿ, ಹಕ್ಕಿಗಳನ್ನು ಓಡಿಸದೆ, ಬರಿದೇ ನೋಡುತ್ತ ನಿಂತಿದ್ದಳು. ಬೆಳೆದ ಹೆಂಗಸು, ನಮ್ಮ ಅಪ್ಪನ ಮಗಳು.

ಅಂದಿನಿಂದ ಚಳಿಗಾಲದ ಒಂದು ಮುಂಜಾವನ್ನೂ ಅವಳು ತಪ್ಪಿಸಿಲ್ಲ. ಅವಳು ಕಾಯುವುದು ಬೆಳ್ಳಕ್ಕಿಗಾಗಿ ಅಲ್ಲ, ಪಟ್ಟೆತಲೆಯ ಬಾತುಗಳಿಗಾಗಿ. ಬೂದು ಮೈ, ಬಿಳಿ ತಲೆ, ಆ ತಲೆಯ ಮೇಲೆ ಎರಡು ಕರಿ ಪಟ್ಟೆ. ಇವು ಹಿಮಾಲಯದ ಆಚೆಯಿಂದ ಬರುತ್ತವೆ ಎಂದು ಅವಳು ಮೊದಲ ಸಲ ಹೇಳಿದಾಗ ನಾನು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟೆ. "ಅಷ್ಟ ದೂರದಿಂದ ನಮ್ಮ ಯಳವತ್ತಿ ಹುಡಕ್ಕೊಂಡು?" ಎಂದೆ. ನಮ್ಮೂರಿಗೆ ಬರಬೇಕಾದ ಬಸ್ಸೇ ಎಷ್ಟೋ ಸಲ ಬರುವುದಿಲ್ಲ. ಗಿರಿಜವ್ವ ನಕ್ಕು, "ಭಾಳಷ್ಟು ಇಲ್ಲೇ ಮಗ್ಗಲದ ಮಾಗಡಿ ಕೆರಿಗೆ ಹೋಗ್ತಾವಣ್ಣಾ, ಅಲ್ಲಿ ನೋಡಾಕ ಮಂದೀನೂ ಬರ್ತಾರ. ನೂರರ ಸುಮಾರು ಮಾತ್ರ ನಮ್ಮ ಕೆರಿಗೆ ಬರ್ತಾವ. ಅವಕ್ಕ ಯಾರೂ ಇಲ್ಲ, ನಾನ ಅದೀನಿ" ಎಂದಳು. ಸಂಕ್ರಮಣದ ಮರುದಿನ ಅವಳು ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ವರ್ಷದ ಒಂದು ಸಾಲು ಬರೆಯುತ್ತಾಳೆ: ಬಾತು ಬಂದ ದಿನ ಯಾವುದು, ಎಷ್ಟು ಬಂದವು. ಸಂಕ್ರಮಣದೊಳಗೆ ಬರದಿದ್ದರೆ ಬೇರೆ ಕೆರೆ ಹಿಡಿದವೆಂದೇ ಅವಳ ತಿಳಿವಳಿಕೆ.

ಈ ವರ್ಷ ನಮ್ಮ ಕಡೆ ಚಳಿ ಬೀಳಲೇ ಇಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೋದಾಗ ಮಂದಿ ಜೋಳದ ನೆರಳು ಹುಡುಕಿ ಕುಳಿತು ಉಂಡರು. ಟ್ರಂಕಿನಿಂದ ತೆಗೆದ ಕಂಬಳಿಯನ್ನು ಶಂಕ್ರವ್ವ ಹಾಗೇ ಮಡಚಿ ಒಳಗಿಟ್ಟಳು. ಗಿರಿಜವ್ವನ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು; ಬಾತುಗಳ ಸುದ್ದಿಯೇ ಇರಲಿಲ್ಲ. ಇದರ ನಡುವೆ ಅವಳ ಬಲಗಣ್ಣಿಗೆ ಪೊರೆ ಬಂದು, ಗದಗಿನಲ್ಲಿ ಆಪರೇಶನ್ ಆಯಿತು. ಇಪ್ಪತ್ತು ದಿನ ಧೂಳಿಗೆ ಹೋಗಬಾರದು, ಹೊಗೆಗೆ ಕೂರಬಾರದು, ಬಗ್ಗಬಾರದು, ಹೊಸ ಚಷ್ಮಾ ಬರುವವರೆಗೆ ಓದುಬರಹ ಬೇಡ ಎಂದು ಡಾಕ್ಟರು ಹೇಳಿದರು. ಅವಳು ಎಲ್ಲಕ್ಕೂ ತಲೆಯಾಡಿಸಿ, "ಕೆರಿಗೆ ಹೋಗಬಹುದಲ್ಲರಿ?" ಎಂದು ಕೇಳಿದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ದೊಡ್ಡ ಮನುಷ್ಯನ ಹಾಗೆ, "ನಾ ಹೋಗ್ತೀನಿ ಬಿಡವಾ" ಎಂದುಬಿಟ್ಟೆ. ಬಸ್ಸಿನಲ್ಲಿ ಊರಿಗೆ ಬರುವಾಗ ಅವಳು ನನಗೆ ಪಾಠ ಹೇಳಿದಳು.

"ಅಣ್ಣಾ, ನೀ ಏನೂ ಮಾಡಬ್ಯಾಡ. ಹೋಗು, ನಿಂದ್ರು, ನೋಡು, ಬರಿ. ಒದರಬ್ಯಾಡ."

"ನಾ ಯಾಕ ಒದರಲಿ?"

"ನಿನ್ನ ನಾ ಬಲ್ಲೆ. ಬೀಗರ ಮದುವ್ಯಾಗ ನಾನೂ ಇದ್ನಿ."

ಮೊದಲ ದಿನ ಖರೇನೇ ಹೋದೆ. ಚಳಿಗಾಲದ ಕೆಲಸವೆಂದು ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿ ಹೋಗಿದ್ದೆ. ಏರಿ ಹತ್ತುವಷ್ಟರಲ್ಲಿ ಬೆವರು ಇಳಿಯಿತು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿ ನಿಂತಿದ್ದವು. ನಾವು ರಾಶಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತೇವೆ. ಬಾಯಿಗೆ ಅದೇ ರೂಢಿ. "ಲಾಭ, ಎರಡು, ಮೂರು" ಎಂದು ಎಣಿಸುತ್ತ ಇಪ್ಪತ್ತೆರಡಕ್ಕೆ ಬಂದೆ. ಅಷ್ಟರಲ್ಲಿ ಜೋಳದ ಕಡೆಯಿಂದ ಕಬ್ಬಕ್ಕಿಯ ದೊಡ್ಡ ಹಿಂಡೊಂದು ತಲೆಯ ಮೇಲೆ ಹಾಯ್ದುಹೋಯಿತು. ನನಗೆ ನೆನಪಿರುವುದು ಇಷ್ಟೇ: ನನ್ನ ಬಲಗೈ ತಲೆಯ ಸುತ್ತ ತಿರುಗುತ್ತಿತ್ತು, ಕೆರೆ ಖಾಲಿಯಾಗಿತ್ತು, ಮತ್ತು ಕೆಳಗೆ ಎಮ್ಮೆಗಳ ಮೈ ತೊಳೆಯುತ್ತಿದ್ದ ಗೆಳೆಯ ಹನಮಪ್ಪ ತಲೆ ಎತ್ತಿ, "ಲೇ ಫಕ್ಕೀರ, ಯಾರನ್ನ ಕರ್ಯಾಕತ್ತೀಲೇ?" ಎನ್ನುತ್ತಿದ್ದ. ಎರಡನೆಯ ದಿನ ಬಾಯಿಗೆ ಮಫ್ಲರ್ ಕಟ್ಟಿಕೊಂಡು ಹೋದೆ. ಒಂದು ತಾಸು ಸುಮ್ಮನೆ ನಿಂತೆ. ಹೊಲದಲ್ಲಿ ಇಡೀ ದಿನ ದುಡಿದರೂ ಆಗದ ದಣಿವು ಆ ಒಂದು ತಾಸಿನಲ್ಲಿ ಆಯಿತು.

ಮೂರನೆಯ ದಿನ ಕೆರೆಗೆಂದೇ ಹೊರಟಿದ್ದೆ. ಹಾದಿಯಲ್ಲಿ ಮಾಬುಸಾಬನ ಚಹಾದ ಅಂಗಡಿ ಸಿಗುತ್ತದೆ. ಅವನು ಎಣ್ಣೆಗೆ ಮೊದಲ ಮಿರ್ಚಿ ಬಿಡುತ್ತಿದ್ದ. "ಬರ್ರಿ ಫಕ್ಕೀರಣ್ಣ, ಹಕ್ಕಿ ಎಲ್ಲಿ ಹೋಗ್ತಾವ, ಕುಂಡ್ರಿ" ಎಂದ. ಕುಳಿತೆ. ಆಗ ಹನಮಪ್ಪ ಎಮ್ಮೆ ತೊಳೆದುಕೊಂಡು ಬಂದ. ನನಗೆ ಒಂದು ವಿಚಾರ ಹೊಳೆಯಿತು, ಅದು ಒಳ್ಳೆಯ ವಿಚಾರ ಎಂದೂ ಆಗ ಅನ್ನಿಸಿತು. ಇವನು ದಿನಾ ಕೆರೆಯಲ್ಲೇ ಇರುತ್ತಾನೆ, ಇವನಿಗೂ ಎರಡು ಕಣ್ಣಿವೆ. "ಹನಮ, ಕೆರ್ಯಾಗ ಹಕ್ಕಿ ಎಷ್ಟಿದ್ದುವು?" ಎಂದೆ. ಅವನು ಮಿರ್ಚಿ ಮುರಿಯುತ್ತ, "ಬಿಳೇವು ಒಂದಿಪ್ಪತ್ತು, ಕರೇವು ಒಂದಿಷ್ಟು" ಎಂದ. ಬಿಳಿಯವನ್ನು ನಾನು ಬೆಳ್ಳಕ್ಕಿ ಎಂದು ಬರೆದುಕೊಂಡೆ, ಕರಿಯವನ್ನು ನೀರುಕಾಗೆ ಎಂದು ಬರೆದುಕೊಂಡೆ. ನಾಲ್ಕನೆಯ ದಿನದಿಂದ ಹನಮಪ್ಪನನ್ನು ಕೇಳುವುದನ್ನೂ ಬಿಟ್ಟೆ. ನಿನ್ನೆ ಇಪ್ಪತ್ಮೂರು ಇದ್ದವು ಎಂದರೆ ಇವತ್ತು ಇಪ್ಪತ್ನಾಲ್ಕು ಇರುತ್ತವೆ, ಅದನ್ನು ಬರೆಯಲು ಕೆರೆಗೆ ಯಾಕೆ ಹೋಗಬೇಕು?

ಮಿರ್ಚಿ ತಿಂದ ಕೈಯನ್ನು ಒರೆಸಿಕೊಂಡು ನೇರ ಗಿರಿಜವ್ವನ ಮನೆಗೆ ಹೋಗುತ್ತಿದ್ದೆ. ಅವಳು ಕರಿ ಚಷ್ಮಾ ಹಾಕಿಕೊಂಡು, ಕಿಟಕಿಯ ಪರದೆ ಎಳೆದು, ಗೋಡೆಗೆ ಬೆನ್ನು ಹಚ್ಚಿ ಕುಳಿತಿರುತ್ತಿದ್ದಳು. ನನ್ನ ಕೆರವಿನ ಸದ್ದು ಕೇಳಿದ ಕೂಡಲೇ, "ಬಂದುವೇನಣ್ಣಾ?" ಎಂದು ಕೇಳುತ್ತಿದ್ದಳು. "ಇಲ್ಲವಾ" ಎನ್ನುತ್ತಿದ್ದೆ. ಉಳಿದ ಹಕ್ಕಿಗಳ ಲೆಕ್ಕ ಓದಿ ಹೇಳುತ್ತಿದ್ದೆ. ಅವಳು ತಲೆಯಾಡಿಸಿ ಕೇಳುತ್ತಿದ್ದಳು. ಅದನ್ನು ನೆನೆದರೆ ಈಗ ನಾಚಿಕೆಗೆ ಮೈ ಬೆಚ್ಚಗಾಗುತ್ತದೆ. ಆಗ ಬೆಚ್ಚಗಾಗುತ್ತಿದ್ದುದು ಮಿರ್ಚಿ ತಿಂದ ಹೊಟ್ಟೆ ಮಾತ್ರ.

ಹೊಟ್ಟೆಯ ಸಂಗತಿಯಿಂದಲೇ ಮುಂದಿನದೆಲ್ಲ ಆದದ್ದು. ಆರು ದಿನ ಬೆಳ್ಳಂಬೆಳಗ್ಗೆ ಖಾಲಿ ಹೊಟ್ಟೆಗೆ ಮಿರ್ಚಿ ಬಿದ್ದರೆ ಐವತ್ತೆಂಟರ ಹೊಟ್ಟೆ ಸುಮ್ಮನಿರುತ್ತದೆಯೆ? ಎಂಟನೆಯ ರಾತ್ರಿಯೆಲ್ಲ ಮುಲುಗಿದೆ. ಶಂಕ್ರವ್ವ, "ಹಕ್ಕಿ ನೋಡಿದ್ರ ಹೊಟ್ಟಿ ಯಾಕ ನೋಯ್ತೈತ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, "ಹೊಲಕ್ಕ ಹೋಗಿ ಕಡ್ಲಿ ಹುಳಿ ಹಿಂಡ್ಕೊಂಡು ಬರ್ರಿ" ಎಂದಳು. ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ಬಿದ್ದ ಇಬ್ಬನಿಗೆ ಎಲೆಯ ಹುಳಿ ಇಳಿದಿರುತ್ತದೆ. ಹೊತ್ತು ಹುಟ್ಟುವ ಮೊದಲು ಗಿಡಗಳ ಮೇಲೆ ಬಿಳಿಯ ಧೋತರ ಹಾಸಿ, ತೊಯ್ದ ಮೇಲೆ ಹಿಂಡಿದರೆ ಆ ಹುಳಿ ಸಿಗುತ್ತದೆ. ಹೊಟ್ಟೆನೋವಿಗೆ ನಮ್ಮಲ್ಲಿ ಅದಕ್ಕಿಂತ ಮೇಲಾದ ಔಷಧವಿಲ್ಲ. ಒಂಬತ್ತನೆಯ ದಿನ ಮುಂಜಾನೆ, ಕೆರೆಯ ಏರಿಯ ಮೇಲೆ ನಿಂತಿರಬೇಕಾದ ಹೊತ್ತಿನಲ್ಲಿ, ನಾನು ಹೊಲದಲ್ಲಿ ಧೋತರ ಹಾಸುತ್ತಿದ್ದೆ.

ಚಳಿಯಿಲ್ಲದ ವರ್ಷ ಇಬ್ಬನಿ ಎಲ್ಲಿಂದ ಬರಬೇಕು? ಅರ್ಧ ಹೊಲ ಎಳೆದಾಡಿದರೂ ಧೋತರ ಬರೀ ಹಸಿಯಾಯಿತು, ಹಿಂಡಿದರೆ ನಾಲ್ಕು ಹನಿ. ಅದನ್ನೇ ನೆಕ್ಕುತ್ತ ತಲೆ ಎತ್ತಿದೆ. ಹೊಲದ ಆ ತುದಿಯಲ್ಲಿ, ಮಸುಕು ಬೆಳಕಿನಲ್ಲಿ, ಬೂದು ಬಣ್ಣದ ಮುದ್ದೆಗಳು ಅಲುಗುತ್ತಿದ್ದವು. ಮೊದಲು ಕುರಿಗಳು ಎಂದುಕೊಂಡೆ. ಆಮೇಲೆ ಒಂದು ಮುದ್ದೆ ಉದ್ದನೆಯ ಕತ್ತು ಎತ್ತಿತು, ನನ್ನ ಕಡಲೆ ಗಿಡದ ತುದಿಯನ್ನು ಕಿತ್ತು ನುಂಗಿತು. ಇಷ್ಟು ದೊಡ್ಡ ಕಳ್ಳರನ್ನು ನಾನು ಅಟ್ಟದ ಮೇಲೆ ಕುಳಿತ ಕಾಲದಲ್ಲೂ ಕಂಡಿರಲಿಲ್ಲ. ಕೈಯಲ್ಲಿ ಕವಣೆ ಇರಲಿಲ್ಲ. ಹಸಿ ಧೋತರವನ್ನು ಜೋಡಿ ಮಡಿಸಿ, ನಡುವೆ ಎರೆಮಣ್ಣಿನ ಹೆಂಟೆಯೊಂದನ್ನು ಇಟ್ಟು, ತಲೆಯ ಸುತ್ತ ಗರಗರ ತಿರುಗಿಸಿ ಬೀಸಿದೆ, ಜೊತೆಗೆ ಒದರಿದೆ. ಹೆಂಟೆ ಅವುಗಳಿಂದ ಬಹಳ ಈಚೆ ಬಿತ್ತು, ಒಂದಕ್ಕೂ ತಗಲಲಿಲ್ಲ. ಆದರೆ ಒದರಿದ್ದು ತಗಲಿತು. ಇಡೀ ಹೊಲವೇ ಎದ್ದು ಹಾರಿದ ಹಾಗೆ ಹಿಂಡು ಮೇಲೆದ್ದಿತು. ಕೊನೆಯದಾಗಿ ಎದ್ದ ಒಂದು ಹಕ್ಕಿ ನನ್ನ ತಲೆಯ ಮೇಲಿಂದಲೇ, ಬಹಳ ಕೆಳಗೆ, ನಿಧಾನವಾಗಿ ಹಾಯ್ದು, ಕತ್ತು ಹೊರಳಿಸಿ ನನ್ನನ್ನು ನೋಡಿತು. ಬಿಳಿ ತಲೆ. ಅದರ ಮೇಲೆ ಎರಡು ಕರಿ ಪಟ್ಟೆ.

ಗಿರಿಜವ್ವನ ಬಾತುಗಳು. ಇನ್ನೂ ಹೇಳಬೇಕೆಂದರೆ, ಅವು ಯಾವ ಹಕ್ಕಿ ಎಂದು ತಲೆಗೆ ತಿಳಿದ ಮೇಲೂ ಗಂಟಲಿಗೆ ತಿಳಿಯಲಿಲ್ಲ. ಅದು ಇನ್ನೂ ಎರಡು ಸಲ "ಹೋ, ಹೋ" ಎಂದು ಒದರಿ ಆಮೇಲೆ ನಿಂತಿತು. ಹಿಂಡು ಕೆರೆಯ ಕಡೆ ಹೋಯಿತು. ಅಲ್ಲಿ ಇಳಿಯುತ್ತವೆ, ಓಡಿಹೋಗಿ ನೋಡಿ ಬರೆದುಕೊಂಡರಾಯಿತು ಎಂದು ಒಂದು ಕ್ಷಣ ಆಸೆಯಾಯಿತು. ಕೆರೆಯ ಮೇಲೆ ಒಂದು ಸುತ್ತು ಹಾಕಿದವು, ಇಳಿಯಲಿಲ್ಲ. ಮತ್ತೆ ಮೇಲೇರಿ, ಮಾಗಡಿಯ ದಿಕ್ಕಿಗೆ ಸಣ್ಣಗಾಗುತ್ತ ಹೋದವು. ಹಿಮಾಲಯ ದಾಟಿ ಬಂದ ಹಕ್ಕಿಗಳು ನನ್ನ ಒಂದು ಧೋತರವನ್ನು ದಾಟಲಾರದೆ ಹೋದವು. ಹಸಿ ಧೋತರವನ್ನು ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ಕುಳಿತುಬಿಟ್ಟೆ. ಹೊಟ್ಟೆನೋವು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅವತ್ತು ಹಾಳೆಯಲ್ಲಿ ಏನು ಬರೆದೆ ಗೊತ್ತೆ? ಪಟ್ಟೆತಲೆಯ ಬಾತು, ಸೊನ್ನೆ. ಕೆರೆಯಲ್ಲಿ ಇರಲಿಲ್ಲವಲ್ಲ, ಅದು ಖರೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಬಂದುವೇನಣ್ಣಾ?" ಎಂದಳು. "ಇಲ್ಲವಾ" ಎಂದೆ. ಅಷ್ಟು ದಿನ ಹೇಳಿದ್ದ ಮಾತೇ. ಆದರೆ ಅವತ್ತು ಉಳಿದ ಹಕ್ಕಿಗಳ ಲೆಕ್ಕ ಓದುವ ಮೊದಲೇ ಎದ್ದುಬಂದೆ.

ಮರುದಿನದಿಂದ ನಾನು ಕೆರೆಗೆ ಹೋಗತೊಡಗಿದೆ. ಖರೇನೇ ಹೋದೆ. ಕತ್ತಲಿರುವಾಗಲೇ ಎದ್ದು, ಮಾಬುಸಾಬನ ಅಂಗಡಿಯ ಹಾದಿ ಬಿಟ್ಟು ಸುತ್ತು ಹಾದಿ ಹಿಡಿದು, ಹನ್ನೊಂದು ದಿನ ಏರಿಯ ಮೇಲೆ ನಿಂತೆ. ಬಾಯಿಗೆ ಮಫ್ಲರ್ ಬೇಕಾಗಲಿಲ್ಲ. ಒದರುವ ಶಕ್ತಿಯೇ ನನ್ನಲ್ಲಿ ಉಳಿದಿರಲಿಲ್ಲ. ಬೆಳ್ಳಕ್ಕಿ ಒಂದು ದಿನ ಮೂವತ್ತೊಂದಿದ್ದರೆ ಮರುದಿನ ಒಂಬತ್ತು. ಮಿಂಚುಳ್ಳಿ ನೀರಿಗೆ ಬೀಳುವುದನ್ನು ಮೊದಲ ಸಲ ನಿಂತು ನೋಡಿದೆ. ಟಿಟ್ಟಿಭ ನನ್ನನ್ನು ಕಂಡರೆ ಬೈಯುತ್ತಿತ್ತು, ನಾನು ಬೈಸಿಕೊಳ್ಳುತ್ತಿದ್ದೆ. ಬಾತು ಮಾತ್ರ ಬರಲಿಲ್ಲ. ನನ್ನ ಗಂಟಲಿನ ಖಬರು ಅವುಗಳಲ್ಲಿ ಹಬ್ಬಿರಬೇಕು.

ಗಿರಿಜವ್ವನಿಗೆ ಹೇಳಿಬಿಡಬೇಕೆಂದು ದಿನಾ ಹೋಗುತ್ತಿದ್ದೆ, ಹೇಳಲಾಗದೆ ಒಂದು ಚೀಲ ಇಟ್ಟು ಬರುತ್ತಿದ್ದೆ. ನಮ್ಮ ಮನೆತನದಲ್ಲಿ ಗಂಡಸರು ತಪ್ಪು ಒಪ್ಪಿಕೊಳ್ಳುವುದು ಕಾಯಿಪಲ್ಯದ ಮೂಲಕ. ಒಮ್ಮೆ ಅಪ್ಪ ನಾಲ್ಕು ಮಂದಿ ನೆಂಟರ ಮುಂದೆ ಅವ್ವನನ್ನು ಸುಮ್ಮನೆ ಬೈದಿದ್ದ. ಮುಂದಿನ ಸಂತೆಯಿಂದ ಎರಡು ಕಿಲೋ ಮುಳಗಾಯಿ ತಂದು, ಮಾತಾಡದೆ ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟ. ಅವ್ವ ಚೀಲವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, ಸಂಜೆ ಬದನೆಯ ಎಣ್ಣೆಗಾಯಿ ಮಾಡಿದಳು. ಅಲ್ಲಿಗೆ ಆ ವಿಷಯ ಮುಗಿಯಿತು. ನಾನೂ ಹಾಗೇ ಮಾಡಿದೆ. ಒಂದು ದಿನ ಮುಳಗಾಯಿ, ಒಂದು ದಿನ ಮೆಂತ್ಯಪಲ್ಯ, ಒಂದು ದಿನ ಉಳ್ಳಾಗಡ್ಡಿ, ಒಂದು ದಿನ ಹಸಿ ಕಡಲೆ ಗಿಡ. ಕಡಲೆ ಗಿಡದ ಚೀಲವನ್ನು ಉಳಿದವುಗಳ ಹಿಂದೆ ಸರಿಸಿಟ್ಟೆ. ಒಲೆಯ ಹತ್ತಿರ ಹೋಗಬಾರದ ಹೆಂಗಸಿಗೆ ಇಷ್ಟೊಂದು ಕಾಯಿಪಲ್ಯ ಏಕೆಂದು ನನಗೆ ತಿಳಿಯಲಿಲ್ಲ. ದಿನಾ ಅವಳಿಗೆ ಬುತ್ತಿ ಕಳಿಸುತ್ತಿದ್ದ ಶಂಕ್ರವ್ವನಿಗೆ ತಿಳಿಯಿತು. "ಏನ್ರಿ, ಗಿರಿಜವ್ವನ ಮನ್ಯಾಗ ಸಂತಿ ಹಚ್ಚೀರೇನು?" ಎಂದು ಕೇಳಿ, ನನ್ನನ್ನು ಕೂಡಿಸಿ ಎಲ್ಲ ಹೇಳಿಸಿಕೊಂಡಳು. ನನ್ನ ಕಾರಣಗಳನ್ನು ತಳ್ಳಿಹಾಕಿದ್ದು ಆಗಲೇ. ಕೊನೆಗೆ, "ಈ ಸಲ ಮುಳಗಾಯಿಲೆ ಆಗಂಗಿಲ್ಲ. ಬಾಯಿ ತಗದು ಹೇಳ್ರಿ" ಎಂದಳು.

ಸಂಕ್ರಮಣ ಬಂತು, ಎಳ್ಳು ಹಚ್ಚಿ ನೀರು ಹಾಕಿಕೊಂಡದ್ದಾಯಿತು, ಸಜ್ಜೆರೊಟ್ಟಿ ತಿಂದದ್ದಾಯಿತು. ಮರುದಿನ ಸಂಜೆ ಹೋದಾಗ ಗಿರಿಜವ್ವ ಆ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ದುರ್ಬೀನು ಮತ್ತು ಹಕ್ಕಿಗಳ ಪುಸ್ತಕವನ್ನು ಒಂದು ಅರಿವೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು.

"ಇದೇನವಾ ಗಂಟು?"

"ಶಾಲಿ ಕಪಾಟಿನ್ಯಾಗ ಇಟ್ಟುಬಿಡ್ತೀನಣ್ಣಾ. ಸಾಕು. ಅವು ನಮ್ಮ ಕೆರಿ ಮರತಾವು. ನಾನೊಬ್ಬಾಕಿ ಏರಿ ಮ್ಯಾಲ ನಿಂತು ಮಂದಿ ಕಡೆ ನಗಿಸ್ಕೊಳ್ಳೂದ್ಯಾಕ?" ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದಳು. "ನನಗ ಬರಿಯೂಹಂಗಿಲ್ಲ. ಕಡೀ ಪುಟ ತಗದು ನೀನ ಬರಿ. ಈ ವರ್ಷ ಚಳಿ ಬೀಳಲಿಲ್ಲ, ಪಟ್ಟಿತಲಿ ಬಾತು ಒಂದೂ ಬರಲಿಲ್ಲ."

ಕೊನೆಯ ಪುಟ ತೆಗೆದೆ. ಎಂಟು ಸಾಲುಗಳಿದ್ದವು. ನನ್ನ ತಂಗಿಯ ಅಕ್ಷರವನ್ನು ನಾನು ಅಷ್ಟು ಹತ್ತಿರದಿಂದ ಓದಿದ್ದು ಅದೇ ಮೊದಲು. ಒಂದು ಸಾಲಿನಲ್ಲಿ, ನೂರಾ ಹನ್ನೆರಡು ಬಂದವು, ಮರಿ ಸಹಿತ. ಒಂದರಲ್ಲಿ, ಜ್ವರ ಇತ್ತು, ಆದರೂ ಹೋದೆ, ತೊಂಬತ್ತು. ನಾಲ್ಕು ವರ್ಷದ ಹಿಂದಿನ ಸಾಲಿನಲ್ಲಿ, ಇವರು ಹೋಗಿ ಹದಿನೈದು ದಿನ, ಮನೆಯಲ್ಲಿ ಹೋಗಬೇಡ ಅಂದರು, ಹೋದೆ, ಎಂಬತ್ತಾರು ಬಂದಿದ್ದವು. ಆ ವರ್ಷ ಹೋಗಬೇಡ ಎಂದವನು ನಾನೇ. ಗಂಡ ಸತ್ತ ಹೆಣ್ಣುಮಗಳು ಹದಿನೈದು ದಿನಕ್ಕೆ ಕೆರೆಯ ಮೇಲೆ ಹೋಗಿ ಹಕ್ಕಿ ನೋಡುವುದು ಚಂದವಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದ್ದೆ. ಅವಳು ಹೋಗಿದ್ದಳೆಂಬುದೂ ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ.

'ಈ ವರ್ಷ ಚಳಿ ಬೀಳಲಿಲ್ಲ' ಎಂದು ಬರೆದೆ. ಮುಂದೆ ಕೈ ಹೋಗಲಿಲ್ಲ.

"ಬರದ್ಯಾ?"

"ಪೆನ್ನ ನಡೀವಲ್ದು."

ಅವಳು ಬದಿಯಲ್ಲಿ ತಡಕಿ ಒಂದು ಪೆನ್ಸಿಲ್ ಕೊಟ್ಟಳು. "ಇದು ನಡೀತೈತಿ."

ಪೆನ್ಸಿಲ್ ಹಿಡಿದುಕೊಂಡು ಹೇಳತೊಡಗಿದೆ. ಚಹಾದ ಅಂಗಡಿ ಹೇಳಿದೆ, ಮಿರ್ಚಿ ಹೇಳಿದೆ, ಕಡಲೆ ಹುಳಿ ಹೇಳಿದೆ. ಧೋತರದ ಮಾತು ಬಂದಾಗ ಅವಳ ಮುಖ ಮೆಲ್ಲನೆ ನನ್ನ ಕಡೆ ತಿರುಗಿತು. ಕರಿ ಚಷ್ಮಾದ ಹಿಂದೆ ಏನಿದೆಯೆಂದು ಕಾಣುತ್ತಿರಲಿಲ್ಲ, ಅದಕ್ಕೇ ನನಗೆ ಹೇಳಿ ಮುಗಿಸಲು ಆಯಿತು.

"ತಲಿ ಮ್ಯಾಲ ಪಟ್ಟಿ ಎಷ್ಟು?" ಎಂದಳು.

"ಎರಡು."

"ಕೊಕ್ಕು?"

"ಹಳದಿ."

"ಯಾವ ದಿಕ್ಕಿಗೆ ಹೋದುವು?"

"ಕೆರಿ ಮ್ಯಾಲ ಒಂದ ಸುತ್ತ ಹಾಕಿ, ಮಾಗಡಿ ಕಡೆ."

"ಬಂದಿದ್ದುವು" ಎಂದಳು. ಅದು ನನಗೆ ಹೇಳಿದ ಮಾತಲ್ಲ. ಚಷ್ಮಾದ ಕೆಳಗಿನಿಂದ ನೀರು ಇಳಿಯಿತು. ನಾನು ಗಾಬರಿಯಾಗಿ, "ಅಳಬ್ಯಾಡವಾ, ಡಾಕ್ಟರ್ ಹೇಳ್ಯಾರ, ಕಣ್ಣು" ಎಂದೆ.

"ಡಾಕ್ಟರ್ ಹೊಗಿ ಬ್ಯಾಡ ಅಂದಾರ, ಧೂಳ ಬ್ಯಾಡ ಅಂದಾರ. ಇದನ್ನ ಅಂದಿಲ್ಲ." ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. "ಎಷ್ಟಿದ್ದುವು?"

"ಎಣಸಲಿಲ್ಲವಾ."

"ಅಂದಾಜು?"

"ನಾ ಒದರಾಕತ್ತಿದ್ನಿ."

ಅವಳು ಹೇಳಿದಳು, "ನೀ ಕೆರಿಗೆ ಹೋಗಿರಲಿಲ್ಲ ಅನ್ನೂದು ಗೊತ್ತಿತ್ತಣ್ಣಾ. ಬೆಳ್ಳಕ್ಕಿ ದಿನಕ್ಕ ಒಂದೊಂದ ಹೆಚ್ಚಾದುವು. ಬೆಳ್ಳಕ್ಕಿ ಹಂಗ ಪಾಳೇ ಹಚ್ಚಿ ಬರಂಗಿಲ್ಲ. ಇರಲಿ, ಆಮ್ಯಾಲ ಮೂವತ್ತೊಂದು, ಒಂಬತ್ತು ಅಂದಿ, ಈಗ ಖರೇ ಹೋಗಾಕತ್ಯಾನ ಅಂತ ಸುಮ್ಮನಾದ್ನಿ. ಖರೇ ಹೋದಾವ್ನೂ ಬಂದಿಲ್ಲ ಅಂದಮ್ಯಾಲ ಬಂದ ಇಲ್ಲ ಅಂತ ತಿಳಕೊಂಡ್ನಿ. ಅದಕ್ಕ ಈ ಗಂಟು ಕಟ್ಟೀನಿ." ಗಂಟನ್ನು ತನ್ನ ಕಡೆ ಎಳೆದುಕೊಂಡಳು. "ಹನ್ನೆರಡ ದಿನ. ದಿನಾ ಬಂದು ಮುಂದ ಕುಂಡ್ರತಿದ್ದಿ."

"ಹೊಟ್ಟಿ ನೋಯ್ತಿತ್ತವಾ, ಬೆಳಕೂ ಇರಲಿಲ್ಲ, ಅವು ಕುರಿ ಕಂಡಂಗ ಕಂಡುವು, ಮ್ಯಾಲ..."

"ಕಾರಣ ಕೇಳಿಲ್ಲ ನಾ. ಬರಿ."

"ಏನಂತ?"

"ಬಾತು ಬಂದಿದ್ದವು. ಎಷ್ಟು ಅಂತ ಗೊತ್ತಿಲ್ಲ. ಅಣ್ಣ ಎಬ್ಬಿಸಿ ಓಡಿಸಿದ."

ಬರೆದೆ. ನಾಲ್ಕನೇ ಇಯತ್ತೆಯವನ ಡೊಂಕು ಅಕ್ಷರದಲ್ಲಿ, ಅವಳ ಎಂಟು ನೆಟ್ಟಗಿನ ಸಾಲುಗಳ ಕೆಳಗೆ, ನನ್ನ ಮೇಲಿನ ದೂರನ್ನು ನಾನೇ ಬರೆದೆ. ಇನ್ನು ಮುಂದೆ ಆ ನೋಟ್‌ಬುಕ್ಕನ್ನು ಯಾರು ತೆರೆದರೂ ಈ ವರ್ಷದ ಎದುರಿಗೆ ಹಕ್ಕಿಯ ಲೆಕ್ಕ ಸಿಗುವುದಿಲ್ಲ, ನಾನು ಸಿಗುತ್ತೇನೆ. ಎದ್ದು ಬಾಗಿಲವರೆಗೆ ಹೋದೆ. ಹೊಸ್ತಿಲ ಬಳಿ ನಾನೇ ತಂದಿಟ್ಟ ಚೀಲಗಳು ಸಾಲಾಗಿ ಇದ್ದವು. ಅವಳು ಒಂದನ್ನೂ ಬಿಚ್ಚಿರಲಿಲ್ಲ. ಅಣ್ಣನಾದವನು ತಂಗಿಯ ಮುಂದೆ ತಪ್ಪೊಪ್ಪುವ ಮಾತು ಆಡಿದ್ದನ್ನು ನಮ್ಮ ಓಣಿಯಲ್ಲಿ ನಾನು ಕೇಳಿಲ್ಲ. ತಿರುಗಿ ನಿಂತು, ಬಾಯೊಳಗೇ ಏನೋ ಅಂದೆ.

"ಏನಂದಿ? ಕೇಳಲಿಲ್ಲ" ಎಂದಳು ಗಿರಿಜವ್ವ. ಆಪರೇಶನ್ ಆದದ್ದು ಕಣ್ಣಿಗೆ, ಕಿವಿಗಲ್ಲ. ಅವಳಿಗೆ ಚೆನ್ನಾಗಿ ಕೇಳಿತ್ತು. ಓಣಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರೂ ಕೊಡ ಕೆಳಗಿಟ್ಟು ಈ ಕಡೆ ನೋಡಿದರು. ನಾನು ಒಳಗೆ ಬಂದು ಅವಳ ಎದುರಿಗೆ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾತವಾ ಗಿರಿಜಾ. ಬಾತು ಎಬ್ಬಿಸಿದ್ದು ಗೊತ್ತಿಲ್ಲದ ಆತು. ಗೊತ್ತಿದ್ದೂ ನಿನ್ನ ಮುಂದ ಬಂದಿಲ್ಲ ಅಂತ ಹೇಳಿದ್ನಲ್ಲ, ಅದು ತಪ್ಪಾತು."